ಮೊಲೊಖಿಯಾ ಸಿನಿಮಾದ ಹೆಣ

ಕಪ್ಪು ಬಟ್ಟೆಗೇನೂ ಕೊರತೆಯಿರಲಿಲ್ಲ. ಕಪಾಟಿನ ಒಂದಿಡೀ ಸಾಲು ಕಪ್ಪೇ. ಆದರೆ ಒಂದಕ್ಕೆ ಕುತ್ತಿಗೆಯ ಸುತ್ತ ಮಣಿ, ಇನ್ನೊಂದಕ್ಕೆ ತೋಳಲ್ಲಿ ಜಾಲರಿ, ಮತ್ತೊಂದು ಯಾವುದೋ ಧಾರಾವಾಹಿಯಲ್ಲಿ ಸಾಹುಕಾರನ ವಿಧವೆಯಾದಾಗ ಹೊಲಿಸಿದ್ದು, ಕಿಟಕಿಯ ಬೆಳಕಿಗೆ ಹಿಡಿದರೆ ಮಿರಿಮಿರಿ ಮಿಂಚುತ್ತದೆ. ಉಳಿದವೆಲ್ಲ ನಟನಟಿಯರು ಸತ್ತಾಗ, ಕ್ಯಾಮರಾದವರು ಬಾಗಿಲಲ್ಲೇ ಕಾದಿರುವ ಸಾವುಗಳಿಗೆ ಉಟ್ಟು ಹೋದವು. ಸ್ವಂತ ಅಕ್ಕ ಸತ್ತ ಮನೆಗೆ ಉಟ್ಟುಕೊಂಡು ಹೋಗಲು ಒಂದು ನೆಟ್ಟಗಿನ ಕಪ್ಪು ಬಟ್ಟೆಯಿಲ್ಲವಲ್ಲ, ಥೂ ನಿನ್ನ ಬಾಳಿಗೆ, ಎಂದು ವಿದಾದ್ ತನ್ನನ್ನೇ ಬೈದುಕೊಂಡಳು. ಬೆಳಿಗ್ಗೆ ಫೋನ್ ಮಾಡಿದ್ದು ಅಕ್ಕನ ದೊಡ್ಡ ಮಗಳು ಮಾಗ್ದಾ. ‘ಅಮ್ಮ ಹೋದ್ಲು ಖಾಲ್ತಿ. ಬೆಳಗಿನ ನಮಾಜು ಆದ್ಮೇಲೆ ಹೋದ್ಲು. ಮಧ್ಯಾಹ್ನದ ನಮಾಜಿಗೆ ಮಸೀದಿಗೆ ಒಯ್ತೀವಿ. ನೀವು ಸಂಜೆ ಬಂದ್ರೂ ಸಾಕು.’ ಚಿಕ್ಕಮ್ಮನಿಗೆ ಹೇಳುವ ಮಾತೇ ಇದು? ಸಂಜೆ ಬರುವವರು ಓರಗೆಯವರು, ಕಚೇರಿಯವರು, ಹಳೆಯ ಬಾಡಿಗೆದಾರರು. ಕುರ್ಚಿಯ ತುದಿಯಲ್ಲಿ ಕೂತು, ಸಕ್ಕರೆಯಿಲ್ಲದ ಕಾಫಿ ಕುಡಿದು, ‘ಉಳಿದ ಆಯುಷ್ಯ ನಿಮಗಿರಲಿ’ ಅಂದು ಎದ್ದುಹೋಗುವವರು. ಒಡಹುಟ್ಟಿದವರು ಬರುವುದು ಬೆಳಿಗ್ಗೆ, ಮೈ ತೊಳೆಯುವ ಹೊತ್ತಿಗೆ. ‘ಸಂಜೆ ಯಾಕೆ, ಈಗಲೇ ಬರ್ತೀನಿ’ ಅಂದಿದ್ದಳು ವಿದಾದ್. ‘ನಿಮ್ಮಿಷ್ಟ’ ಎಂದು ಫೋನಿಟ್ಟಿದ್ದಳು ಮಾಗ್ದಾ. ಅಕ್ಕನ ಜೊತೆ ಮಾತು ಬಿಟ್ಟು ಎಷ್ಟು ಕಾಲವಾಗಿತ್ತೆಂದು ಲೆಕ್ಕ ಹಾಕಲು ಹೋಗಿ ಬೇಡವೆಂದು ಬಿಟ್ಟಳು. ಈಗ ಮಾತಿನ ಆಸೆಯೇನೂ ಇಲ್ಲ. ಕ್ಷಮೆ ಕೇಳುವುದು, ಕೊಡುವುದು ಎಲ್ಲ ಮುಗಿದುಹೋಯಿತು. ಬೇಕಾಗಿರುವುದು ಒಂದೇ: ಅಕ್ಕ ಇನ್ಸಾಫಳ ಮೈಗೆ ತನ್ನ ಕೈಯಾರೆ ನೀರು ಹೊಯ್ಯಬೇಕು. ಅಷ್ಟಕ್ಕೂ ಬಿಡದಿದ್ದರೆ ತಾನು ಯಾವ ತಂಗಿ? ಜಾಲರಿ ತೋಳಿನದನ್ನೇ ಉಟ್ಟುಕೊಂಡು, ಅದರ ಮೇಲೊಂದು ಹಳೆಯ ಸ್ವೆಟರು ಹಾಕಿಕೊಂಡು ಮೆಟ್ಟಿಲಿಳಿದಳು.

ಟ್ಯಾಕ್ಸಿಯವನು ಕನ್ನಡಿಯಲ್ಲಿ ನೋಡಿದ, ಮತ್ತೆ ನೋಡಿದ. ಅವಳಿಗೆ ಗೊತ್ತು ಈ ನೋಟ. ಮೊದಲು ಅನುಮಾನ, ಆಮೇಲೆ ತುಟಿಯ ತುದಿಯಲ್ಲಿ ಒಂದು ಕಿಚಗುಟ್ಟುವ ಸಂತೋಷ. ‘ಅಲ್ಲಾ, ನೀವು ಮೊಲೊಖಿಯಾದವರಲ್ವಾ?’ ಅಂದ. ‘ಹೌದಪ್ಪ’ ಅಂದಳು. ‘ಅಯ್ಯೋ ದೇವರೇ! ನನ್ನ ಹೆಂಡ್ತಿ ನಂಬೋದೇ ಇಲ್ಲ. ಹಬ್ಬ ಬಂತು ಅಂದ್ರೆ ನಮ್ಮನೇಲಿ ಅದೇ ಸಿನಿಮಾ. ಒಂದೇ ಒಂದ್ಸಲ ಹೇಳಿಬಿಡಿ ಅಮ್ಮ, ನಿಮ್ಮ ಬಾಯಿಂದ, ಅವಳಿಗೆ ಕಳಿಸ್ತೀನಿ’ ಎಂದು ಸಿಗ್ನಲಿನಲ್ಲಿ ನಿಂತಾಗ ಮೊಬೈಲನ್ನು ಅವಳ ಮುಖದ ಹತ್ತಿರ ಹಿಡಿದ. ಇವತ್ತು ಬೇಡ ಕಣಪ್ಪ, ನನ್ನ ಅಕ್ಕ ಸತ್ತಿದ್ದಾಳೆ, ಎಂದು ಹೇಳಲು ಬಾಯಿ ತೆರೆದಳು ವಿದಾದ್. ಬಂದದ್ದು ಬೇರೆ. ಹೊಟ್ಟೆಯ ಆಳದಿಂದ, ಆ ಹಳೆಯ ಗೊಗ್ಗರು ದನಿಯಲ್ಲಿ, ಕಣ್ಣನ್ನು ಸಹ ಅಗಲಿಸಿ: ‘ಎಲ್ರೇ ನನ್ನ ಮೊಲೊಖಿಯಾ? ಮುಟ್ಟಿದವಳ ಮೂಳೆ ಮುರೀತೀನಿ!’ ಅವನು ಸ್ಟಿಯರಿಂಗ್ ಬಡಿದುಕೊಂಡು ನಕ್ಕ. ಹಿಂದಿನ ಗಾಡಿಗಳು ಹಾರನ್ ಹೊಡೆದವು. ‘ಏನಮ್ಮಾ, ಇಷ್ಟು ಚೆನ್ನಾಗಿ ಉಟ್ಕೊಂಡು ಹೊರಟಿದೀರಿ, ಯಾವುದಾದ್ರೂ ಸನ್ಮಾನವಾ?’ ಅಂದ. ‘ಹೂಂ’ ಅಂದಳು. ಅಂದ ಮೇಲೆ ಕಿಟಕಿಯ ಕಡೆ ತಿರುಗಿ ಕೂತಳು. ನೈಲ್ ನದಿ ಬಂತು, ಹೋಯಿತು. ಅಕ್ಕನ ಹೆಣ ಇನ್ನೂ ಮನೆಯಲ್ಲೇ ಇದೆ, ಇವಳು ಟ್ಯಾಕ್ಸಿಯಲ್ಲಿ ಮೊಲೊಖಿಯಾ ಸಾರು ಕೇಳುತ್ತಿದ್ದಾಳೆ. ಹೇಳಲೇಬೇಕೆಂದು ಯಾರು ಕುತ್ತಿಗೆ ಹಿಡಿದಿದ್ದರು?

ಹೋದ ವಾರವಷ್ಟೇ ಚಿತ್ರಸಂಘದಿಂದ ಒಬ್ಬ ಹುಡುಗಿ ಬಂದಿದ್ದಳು, ಕನ್ನಡಕದವಳು, ಹಳೆಯ ಸಿನಿಮಾಗಳ ಬಗ್ಗೆ ಬರೆಯುವವಳು. ‘ಮೊಲೊಖಿಯಾ ಒಂದು ಏರುಪೇರಿನ ಚಿತ್ರ ಮೇಡಮ್’ ಅಂದಿದ್ದಳು, ನಿರ್ದಾಕ್ಷಿಣ್ಯವಾಗಿ, ಚಹಾ ಕುಡಿಯುತ್ತ. ‘ಮೊದಲರ್ಧ ಗಂಟೆ ಬಂಗಾರ. ಆಮೇಲೆ ಪೊಲೀಸು, ಕತ್ತೆ, ಡಾನ್ಸು, ಎಲ್ಲ ಕಸ. ನಡುವೆ ಆ ಹೆಣ ತೊಳೆಯೋ ದೃಶ್ಯ ಇದೆಯಲ್ಲ, ಅದು ಯಾವ ಜಾತಿಗೂ ಸೇರೋದಿಲ್ಲ. ನಗು ಬರುತ್ತೆ, ಆದ್ರೆ ನಗ್ತಾ ನಗ್ತಾ ಮೈ ಜುಮ್ ಅನ್ನುತ್ತೆ. ಯಾಕೆ ಹಾಗಾಯ್ತು?’ ಯಾಕೆ ಅಂದರೆ ಏನು ಹೇಳುವುದು? ನಿರ್ದೇಶಕ ಫಾಯಿಕ್ ಸಾಹೇಬರಿಗೇ ಗೊತ್ತಿರಲಿಲ್ಲ. ಬೆಳಿಗ್ಗೆ ಬಂದು, ‘ಜನ ಬಿದ್ದು ಬಿದ್ದು ನಗಬೇಕು’ ಅನ್ನುತ್ತಿದ್ದರು. ಮಧ್ಯಾಹ್ನ ಊಟವಾದ ಮೇಲೆ, ‘ಆ ಹಳೇ ಚಿತ್ರಕ್ಕಿಂತ ಒಂದು ಕೈ ಮೇಲಾಗಿ ಹೆದರಿಸೋಣ’ ಅನ್ನುತ್ತಿದ್ದರು. ಆ ಹಳೇ ಚಿತ್ರ ಅಂದರೆ ಕಪ್ಪುಬಿಳುಪಿನದು, ಪಾಶಾ ಒಬ್ಬನ ಹೆಂಡತಿ ಸತ್ತು, ಹಲಗೆಯ ಮೇಲೆ ಮಲಗಿ, ಮೈಮೇಲೆ ನೀರು ಬೀಳುವಾಗ ಕಣ್ಣು ತೆರೆಯುತ್ತಾಳಲ್ಲ, ಅದು. ಕಣ್ಣು ತೆರೆಯುವುದಷ್ಟೇ. ಕೂಗಾಟವಿಲ್ಲ, ಸಂಗೀತವಿಲ್ಲ. ಕೈರೋದಲ್ಲಿ ಆ ಕಾಲದ ಯಾವ ಹೆಂಗಸನ್ನು ಬೇಕಾದರೂ ಕೇಳಿ, ಆ ಕಣ್ಣು ನೆನಪಿಲ್ಲ ಅಂದರೆ ಸುಳ್ಳು ಹೇಳುತ್ತಾಳೆ.

ಶುಬ್ರಾದ ಬಯಲು ಟಾಕೀಸಿನಲ್ಲಿ ಅದನ್ನು ನೋಡಿದ್ದು ಅಕ್ಕತಂಗಿ ಇಬ್ಬರೂ, ಅಪ್ಪನ ಜೊತೆ. ವಿದಾದ್ ಬೆರಳ ಸಂದಿಯಿಂದ ನೋಡಿದಳು. ಇನ್ಸಾಫ್ ಕಣ್ಣು ಮುಚ್ಚಿಕೊಳ್ಳುವುದನ್ನೇ ಮರೆತು ಪೂರ್ತಿ ನೋಡಿಬಿಟ್ಟಳು. ಅದೇ ತಪ್ಪಾಯಿತು. ಅವತ್ತಿನಿಂದ ತಲೆಗೆ ನೀರು ಹಾಕಿಕೊಳ್ಳುವಾಗ ಅವಳು ಕಣ್ಣು ಮುಚ್ಚುತ್ತಿರಲಿಲ್ಲ. ಸೋಪಿನ ನೊರೆ ಕಣ್ಣಿಗೆ ಹೋಗಿ ಕೆಂಪಗೆ ಉರಿಯುತ್ತಿದ್ದರೂ ಬಿಟ್ಟೇ ಇರುತ್ತಿದ್ದಳು. ‘ಮುಚ್ಚೇ, ದಡ್ಡಿ’ ಅಂತ ಅಮ್ಮ ಬೆನ್ನಿಗೆ ಗುದ್ದುತ್ತಿದ್ದಳು. ‘ಮುಚ್ಚಿದ್ರೆ ಮತ್ತೆ ತೆರೀಬೇಕಲ್ಲ’ ಅನ್ನುತ್ತಿದ್ದಳು ಇನ್ಸಾಫ್. ಹಾಸಿಗೆ ಒದ್ದೆ ಮಾಡಿಕೊಂಡದ್ದನ್ನು ತಂಗಿಯ ಮೇಲೆ ಹಾಕಿದ್ದಳು, ತಂಗಿ ಒಪ್ಪಿಕೊಂಡಿದ್ದಳು. ಹಾಗಿದ್ದವಳು, ಎರಡು ಮಕ್ಕಳ ತಾಯಿಯಾದ ಮೇಲೆ, ವಿದಾದ್‌ಗೆ ಈ ಅಣಕದ ಸಿನಿಮಾದಲ್ಲಿ ಹೆಣದ ಪಾತ್ರ ಸಿಕ್ಕಿತು ಎಂದಾಗ ತಾನೂ ಬರುತ್ತೇನೆಂದು ಹೊರಟು ನಿಂತಳು. ‘ಅದನ್ನ ಹೇಗೆ ಮಾಡ್ತಾರೋ ನೋಡ್ಬೇಕು ಕಣೇ. ನೋಡಿದ್ರೆ ಹೋಗತ್ತೇನೋ’ ಅಂದಳು. ಏನು ಹೋಗುತ್ತೆ ಅಂತ ಇಬ್ಬರೂ ಬಾಯಿ ಬಿಟ್ಟು ಹೇಳಲಿಲ್ಲ.

ಮೂರನೇ ಅಂತಸ್ತಿನ ಬಾಗಿಲು ತೆರೆದೇ ಇತ್ತು. ಹಜಾರದಲ್ಲಿ ನೆರೆಹೊರೆಯ ಹೆಂಗಸರು ಗೋಡೆಗುಂಟ ಕೂತಿದ್ದರು, ಸೋಫಾದ ಮೇಲೆ, ನೆಲದ ಮೇಲೆ. ಕನ್ನಡಿಗೆ ಬೆಡ್‌ಶೀಟು ಹೊದಿಸಿದ್ದರು. ರೆಕಾರ್ಡಿನಲ್ಲಿ ಕುರಾನ್ ಪಠಣ ನಡೆದಿತ್ತು. ಇವಳು ಒಳಗೆ ಕಾಲಿಟ್ಟಾಗ ಎಲ್ಲರೂ ಒಮ್ಮೆ ನೋಡಿದರು, ಆ ಟ್ಯಾಕ್ಸಿಯವನು ನೋಡಿದ ಹಾಗೇ, ಮೊದಲು ಅನುಮಾನ, ಆಮೇಲೆ ಆ ಸಂತೋಷ. ಆದರೆ ಇಲ್ಲಿ ಅದನ್ನು ನುಂಗಿಕೊಂಡರು. ಒಬ್ಬಳು ಪಕ್ಕದವಳ ಮಂಡಿ ಹಿಂಡಿದ್ದು ಕಂಡಿತು. ಕಿರಿಯ ಮಗಳು ರಬಾಬ್ ಅಡುಗೆಮನೆಯಿಂದ ಬಂದು ಕೆನ್ನೆಗೆ ಕೆನ್ನೆ ತಾಗಿಸಿದಳು. ಮಾಗ್ದಾ ಬರಲಿಲ್ಲ. ಒಳಗಿನ ಕೋಣೆಯ ಬಾಗಿಲ ಹತ್ತಿರವೇ ನಿಂತು, ಕೈ ಎದೆಗೆ ಕಟ್ಟಿಕೊಂಡು, ‘ಬಂದ್ರಾ’ ಅಂದಳು. ಅಕ್ಕನ ಗಲ್ಲ, ಅಕ್ಕನ ಹುಬ್ಬು. ಇನ್ಸಾಫಳೇ ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತಳೇ ಎಂದು ಒಂದು ಕ್ಷಣ ವಿದಾದ್‌ಗೆ ಅನ್ನಿಸಿತು. ‘ಮುಖ ನೋಡ್ಬಹುದಾ?’ ಎಂದಳು. ತಾನು ಇಷ್ಟು ಮೆಲ್ಲಗೆ, ಇಷ್ಟು ಬೇಡುವ ದನಿಯಲ್ಲಿ ಕೇಳುತ್ತೇನೆಂದು ಅವಳು ಎಣಿಸಿರಲಿಲ್ಲ. ‘ತೊಳೆಯೋ ಹಾಜಾ ಬರ್ಲಿ, ಕಫನ್ ಆದ್ಮೇಲೆ ಎಲ್ಲರಿಗೂ ತೋರಿಸ್ತೀವಿ’ ಅಂದಳು ಮಾಗ್ದಾ. ಎಲ್ಲರಿಗೂ. ಆ ಎಲ್ಲರಲ್ಲಿ ತಾನೂ ಒಬ್ಬಳು. ನೆಲದ ಮೇಲೆ, ಚಪ್ಪಲಿಗಳ ರಾಶಿಯ ಪಕ್ಕದಲ್ಲಿ, ಜಾಗ ಸಿಕ್ಕಿದ ಕಡೆ ಕೂತಳು.

ಕಾರಣ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತು. ಕಫನ್ ಎಂಬ ಮಾತು ಮಾಗ್ದಾಳ ಬಾಯಲ್ಲಿ ಬಂದಾಗಲೇ ಕಿವಿ ಬಿಸಿಯಾಗಿತ್ತು. ಅಮ್ಮ ಹಜ್‌ಗೆ ಹೋದವಳು ಎಲ್ಲ ಮುದುಕಿಯರಂತೆ ತನ್ನ ಹೆಣಕ್ಕೆ ಸುತ್ತಬೇಕಾದ ಕಫನ್ ಬಟ್ಟೆಯನ್ನು ಅಲ್ಲಿಂದಲೇ ತಂದಿದ್ದಳು. ಪವಿತ್ರ ಜಮ್‌ಜಮ್ ಬಾವಿಯ ನೀರಿನಲ್ಲಿ ಅದ್ದಿ, ಅಲ್ಲಿನ ಬಿಸಿಲಿಗೆ ಒಣಗಿಸಿ, ಅಂಚನ್ನು ಅಲ್ಲೇ ಕೂತು ಹಸಿರು ದಾರದಲ್ಲಿ ಹೊಲಿದು ತಂದದ್ದು. ಪ್ರತಿ ರಂಜಾನಿಗೆ ಮೊದಲು ಅದನ್ನು ಕಪಾಟಿನಿಂದ ತೆಗೆದು, ಬಾಲ್ಕನಿಯ ಹಗ್ಗಕ್ಕೆ ಹಾಕಿ, ಸಂಜೆ ಮೂಗಿಗೆ ಹಿಡಿದು ಮೂಸಿ ಮಡಚಿಡುತ್ತಿದ್ದಳು. ಮದುವೆಯ ಬಟ್ಟೆಯ ಮೇಲೂ ಅವಳಿಗೆ ಅಷ್ಟು ಮುದ್ದಿರಲಿಲ್ಲ. ಶೂಟಿಂಗಿನ ದಿನ ಸಾಮಾನಿನವನು ತಂದ ಬಟ್ಟೆ ಲೈಟಿನ ಕೆಳಗೆ ಹಾಸಿಗೆ ಹೊದಿಕೆಯ ಹಾಗೆ ಕಂಡಿತು. ಫಾಯಿಕ್ ಸಾಹೇಬರು ಎಗರಾಡಿದರು, ‘ಇದೇನು ಹೆಣವೋ ಹೋಟೆಲ್ಲೋ?’ ಅಂತ. ವಿದಾದ್‌ಗೆ ಆಗ ಇನ್ನೂ ಹೆಸರಿಲ್ಲ, ಮುಂದೆ ಬರಬೇಕೆಂಬ ಹಸಿವು. ‘ನಮ್ಮನೇಲೊಂದು ನಿಜವಾದದ್ದಿದೆ’ ಎಂದುಬಿಟ್ಟಳು. ಅಮ್ಮ ಹಳ್ಳಿಗೆ ಹೋಗಿದ್ದಳು. ಒಂದು ದಿನ ತಾನೆ, ಒಗೆದು ಮಡಚಿಟ್ಟರಾಯಿತು ಅಂದುಕೊಂಡಳು. ಆದರೆ ಹೆಣ ತೊಳೆಯುವವಳ ವೇಷ ಹಾಕಿದ್ದ ಶಲಬಿ, ಅವನೊಬ್ಬ ಹುಟ್ಟಾ ವಿದೂಷಕ, ಹೇಳಿದ್ದನ್ನು ಬಿಟ್ಟು ಬೇರೆಲ್ಲ ಮಾಡುವವನು, ಹೆಣ ಎದ್ದು ಕೂತ ಗಾಬರಿಯಲ್ಲಿ ಕದ್ದು ತಿನ್ನುತ್ತಿದ್ದ ಪಾತ್ರೆಯ ಮೊಲೊಖಿಯಾವನ್ನೆಲ್ಲ ಅವಳ ಮೇಲೆ ಸುರಿದುಬಿಟ್ಟ. ಲೋಳೆಲೋಳೆ ಹಸಿರು ಸೊಪ್ಪಿನ ಸಾರು, ಬೆಳ್ಳುಳ್ಳಿ ಒಗ್ಗರಣೆ ಸಮೇತ, ಬಿಸಿಬಿಸಿ. ಅಂಥ ಹಸಿರು ಯಾವ ಸೋಪಿಗೂ ಹೋಗುವುದಿಲ್ಲ. ಅತಬಾ ಬಜಾರಿನಿಂದ ಅದೇ ಅಳತೆಯ ಹೊಸ ಬಟ್ಟೆ ತಂದು, ಹಸಿರು ದಾರದಲ್ಲಿ ಅಂಚು ಹೊಲಿದು, ಮೇಲೆ ಪನ್ನೀರು ಚಿಮುಕಿಸಿ ಇಟ್ಟಳು. ರಂಜಾನ್ ಬಂದಾಗ ಅಮ್ಮ ಮೂಸಿದಳು. ಮತ್ತೊಮ್ಮೆ ಮೂಸಿ, ಮಡಚಿ ಒಳಗಿಟ್ಟಳು. ಸಿನಿಮಾ ಟಿವಿಯಲ್ಲಿ ಬಂದ ಹಬ್ಬದ ದಿನ ಮನೆತುಂಬ ನೆಂಟರು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಮ್ಮ ಟಿವಿಯ ಹತ್ತಿರ ಹೋಗಿ, ಬಗ್ಗಿ, ಅಂಚು ನೋಡಿದಳು. ‘ಅದು ನಂದು’ ಅಂದಳು. ಎದ್ದುಹೋಗಿ ನಮಾಜಿಗೆ ನಿಂತಳು. ‘ನನ್ನ ಮೈಮೇಲೆ ಊರೇ ನಕ್ಕಿತಲ್ಲೇ’ ಎಂದು ಆಮೇಲೆ ಇನ್ಸಾಫ್ ಹತ್ತಿರ ಹೇಳಿದಳಂತೆ. ಇವಳ ಹತ್ತಿರ ಹೇಳಲಿಲ್ಲ. ಸತ್ತಾಗ ಆ ಬಜಾರಿನ ಬಟ್ಟೆಯಲ್ಲೇ ಹೋದಳು. ಅವಳನ್ನು ಒಯ್ದ ದಿನವೇ ಇನ್ಸಾಫ್ ಮಾತು ಬಿಟ್ಟದ್ದು. ಒಂದು ಬೈಗುಳವಿಲ್ಲ, ಒಂದು ಜಗಳವಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹೆಣ ತೊಳೆಯುವ ಹಾಜಾ ತಫೀದಾ ಏದುಸಿರು ಬಿಡುತ್ತ ಬಂದಳು. ದಪ್ಪ ಹೆಂಗಸು, ಕಂಕುಳಲ್ಲಿ ಚೀಲ. ಹಿಂದೆ ಮಸೀದಿಯ ಹಲಗೆ ಹೊತ್ತ ಗಂಡಸರು ಅದನ್ನು ಒಳಗಿಟ್ಟು ತಲೆ ತಗ್ಗಿಸಿ ಹೋದರು. ಹಾಜಾ ಚೀಲದಿಂದ ಹತ್ತಿ, ಕರ್ಪೂರ, ಬಾರೆ ಎಲೆಯ ಪುಡಿ ತೆಗೆಯುತ್ತ ಹಜಾರದತ್ತ ನೋಡಿ, ‘ಯಾರ್‍ಯಾರು ಬರ್ತೀರಿ? ನೀರು ಕೊಡೋರು ಇಬ್ರು, ತಿರುಗಿಸೋಕೆ ಒಬ್ರು. ಹತ್ತಿರದವರೇ ಇರ್ಬೇಕು, ಗುಟ್ಟು ಕಾಯೋರು’ ಎಂದಳು. ವಿದಾದ್ ಚಪ್ಪಲಿಗಳ ನಡುವಿನಿಂದ ಎದ್ದಳು, ಮಂಡಿ ಚಟ್ಟೆಂದಿತು. ‘ನಾನವಳ ತಂಗಿ.’ ಹಾಜಾ ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ, ದೇವರೇ, ಆ ಮುಖ ಅರಳಿತು. ‘ಅಯ್ಯೋ ನೀವಾ! ಸತ್ಯವಾಗ್ಲೂ ಹೇಳ್ತೀನಿ ತಾಯಿ, ನಾನು ತೊಳೆದ ಹೆಣಗಳಿಗೆ ಲೆಕ್ಕ ಇಲ್ಲ. ಬದುಕಿರೋರು ಯಾರೂ ನಿಮ್ಮಷ್ಟು ಸರಿಯಾಗಿ ಮಲಗಿದ್ದು ನೋಡಿಲ್ಲ. ಕಾಲ್ಬೆರಳು ಸಹಿತ!’ ಸೋಫಾದ ಮೇಲಿನ ಹೆಂಗಸೊಬ್ಬಳು ಕೆಮ್ಮಿದಳು. ಅದು ಕೆಮ್ಮಲ್ಲ. ರಬಾಬ್ ತಲೆ ತಗ್ಗಿಸಿದಳು. ಮಾಗ್ದಾಳ ಮುಖ ಬೆಳ್ಳಗಾಯಿತು. ‘ಖಾಲ್ತಿ, ಸ್ವಲ್ಪ ಬನ್ನಿ’ ಎಂದು ಮುಂಗೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು.

ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕಾಯುತ್ತಿತ್ತು. ಹಬೆಯಲ್ಲಿ ಇಬ್ಬರ ಮುಖವೂ ಬೆವೆತಿತ್ತು. ‘ನೀವು ಒಳಗೆ ಬರ್ಬೇಡಿ’ ಅಂದಳು ಮಾಗ್ದಾ. ‘ಅಮ್ಮ ಹೇಳಿದ್ಲು. ಬಾಯಿಬಿಟ್ಟು ಹೇಳಿದ್ಲು, ಮಾತು ನಿಲ್ಲೋಕೆ ಮುಂಚೆ. ವಿದಾದ್ ಬಂದ್ರೆ ಹೊರಗೆ ಕೂರಿಸಿ ಅಂತ.’ ವಿದಾದ್ ತಲೆಯಾಡಿಸಿದಳು. ‘ಗೊತ್ತು ಕಣೇ. ನಿಮ್ಮಜ್ಜಿ ಕಫನ್ ವಿಷಯ. ನಾನೇನೂ ಅಲ್ಲಗಳೆಯೋಲ್ಲ. ಆದ್ರೆ ಸತ್ತ ಮೇಲೂ...’ ‘ಅದಲ್ಲ’ ಅಂದಳು ಮಾಗ್ದಾ. ‘ಅಜ್ಜಿ ಕಫನ್ನಾ? ಅದನ್ನ ಅಮ್ಮ ಯಾವಾಗ್ಲೋ ಬಿಟ್ಟಿದ್ಲು. ಪಾಪ ಅವಳು ಚಿಕ್ಕವಳು, ಆಸೆಬುರುಕಿ, ಅಂತಿದ್ಲು. ನಿಮ್ಮ ಧಾರಾವಾಹಿ ಬಂದ್ರೆ ವಾಲ್ಯೂಮ್ ಜೋರು ಮಾಡ್ತಿದ್ಲು.’ ವಿದಾದ್ ಒಲೆಯ ಅಂಚನ್ನು ಹಿಡಿದುಕೊಂಡಳು, ಕೈ ಸುಟ್ಟಿತು, ತೆಗೆದಳು. ‘ಮತ್ತೆ?’ ‘ಹೆದರಿದ್ಲು ಖಾಲ್ತಿ. ಸಾಯೋಕಲ್ಲ. ತೊಳೆಯೋವಾಗ ಯಾರಾದ್ರೂ ನಗ್ತಾರೆ ಅಂತ. ಹಲಗೆ ಮೇಲೆ ಬತ್ತಲೆ ಮಲಗಿರ್ತೀನಿ, ನೀರು ಬೀಳುತ್ತೆ, ಎಲ್ರಿಗೂ ಆ ಸಿನಿಮಾ ನೆನಪಾಗುತ್ತೆ, ಅವಳೇ ಪಕ್ಕದಲ್ಲಿ ನಿಂತಿದ್ರೆ ಹೇಗೆ ತಡ್ಕೋತಾರೆ, ನಕ್ಕೇ ನಗ್ತಾರೆ ಅಂತ. ಆಸ್ಪತ್ರೇಲಿ ನನ್ನ ಕೈ ಹಿಡ್ಕೊಂಡು ಪ್ರಮಾಣ ಮಾಡಿಸ್ಕೊಂಡ್ಲು. ನನ್ನ ಮೇಲೆ ಯಾರೂ ನಗದ ಹಾಗೆ ನೋಡ್ಕೋ ಅಂತ. ನಾನೇನು ಮಾಡ್ಲಿ ಹೇಳಿ?’

ಇಷ್ಟು ವರ್ಷ ಹೊತ್ತು ತಿರುಗಿದ್ದು ಆ ಒಂದು ಬಟ್ಟೆಯನ್ನು. ಅಕ್ಕ ಅದನ್ನು ಯಾವತ್ತೋ ಕೆಳಗಿಟ್ಟಿದ್ದಳಂತೆ. ಹಾಗಾದರೆ ಯಾಕೆ ಒಂದು ಸಲವೂ ಫೋನ್ ಮಾಡಲಿಲ್ಲ, ತಾನಾದರೂ ಯಾಕೆ ಮಾಡಲಿಲ್ಲ? ಜೋರು ಮಾಡಿದ ವಾಲ್ಯೂಮಿನ ಮುಂದೆ ಇನ್ಸಾಫ್ ಒಬ್ಬಳೇ ಕೂತಿರುವುದು ಕಣ್ಣಿಗೆ ಕಟ್ಟಿತು, ಅಳು ಬಂತು. ಆದರೂ, ಎಂಥ ಹಟಮಾರಿ ಮನಸ್ಸು ನೋಡಿ, ಅಳುವಿನ ಹಿಂದಿನಿಂದಲೇ ವಾದ ಶುರುವಾಯಿತು. ‘ನಾನು ನಗಿಸೋಕೆ ಬಂದಿಲ್ಲ ಮಾಗ್ದಾ. ನಾನು ಬಾಯಿ ತೆರೆಯೋಲ್ಲ. ಒಂದು ಮಾತಾಡೋಲ್ಲ. ಅವರ್‍ಯಾರೂ ಒಳಗೆ ಬರೋಲ್ಲ, ನಾನು, ನೀನು, ರಬಾಬ್, ಹಾಜಾ. ಯಾರು ನಗ್ತಾರೆ? ನೀನು ನಗ್ತೀಯಾ?’ ಮಾಗ್ದಾ ಇಲ್ಲವೆಂದು ತಲೆಯಾಡಿಸಿದಳು. ‘ನನ್ನ ಅಕ್ಕ ಅವಳು. ಚಿಕ್ಕವಳಿದ್ದಾಗ ಅವಳ ತಲೆಗೆ ನೀರು ಹಾಕೋವಾಗ ಕಣ್ಣಿಗೆ ಕೈ ಅಡ್ಡ ಹಿಡೀತಿದ್ದೋಳು ನಾನು. ಒಂದ್ಸಲ ಬಿಡು. ನಿನ್ನ ಕಾಲು ಹಿಡೀಲಾ?’ ವಿದಾದ್ ನಿಜಕ್ಕೂ ಬಗ್ಗಿದಳು. ಮಾಗ್ದಾ ಗಾಬರಿಯಿಂದ ಭುಜ ಹಿಡಿದೆತ್ತಿದಳು. ಅಲ್ಲಾಹನೇ ಮಾಫಿ ಕೊಡಲಿ ಎಂದು ಗೊಣಗಿದಳು. ಕಣ್ಣೊರೆಸಿಕೊಂಡು, ಪಾತ್ರೆಯ ಒಂದು ಕಿವಿ ತಾನು ಹಿಡಿದು, ‘ಆ ಕಡೆ ಹಿಡೀರಿ’ ಎಂದಳು. ವಿದಾದ್ ಸ್ವೆಟರು ಕಳಚಿಟ್ಟು ಹಿಡಿದಳು.

ಕೋಣೆಯಲ್ಲಿ ಕಿಟಕಿ ಮುಚ್ಚಿತ್ತು. ಕರ್ಪೂರದ ವಾಸನೆ. ಹಲಗೆಯ ಮೇಲೆ, ಹೊಕ್ಕುಳಿಂದ ಮಂಡಿಯವರೆಗೆ ಬಿಳಿ ಬಟ್ಟೆ ಹೊದ್ದು, ಇನ್ಸಾಫ್. ಎಷ್ಟು ಚಿಕ್ಕವಳಾಗಿದ್ದಳು. ವಿದಾದ್ ಮುಖ ನೋಡಲಿಲ್ಲ, ಪಾದದಿಂದ ಶುರು ಮಾಡಿದಳು, ಧೈರ್ಯ ಬರಲಿ ಎಂದು. ಹಿಮ್ಮಡಿಯ ಬಿರುಕು, ಸೊಟ್ಟ ಕಿರುಬೆರಳು, ಮೀನಖಂಡದ ನೀಲಿ ನರ. ಹಾಜಾ ಈಗ ಬೇರೆಯೇ ಹೆಂಗಸಾಗಿದ್ದಳು, ತುಟಿಯಲ್ಲಿ ಪ್ರಾರ್ಥನೆ, ಕೈಯಲ್ಲಿ ಅವಸರವಿಲ್ಲ. ನೀರನ್ನು ಮೊಣಕೈಗೆ ಸೋಕಿಸಿ ಹದ ನೋಡಿದಳು. ಹತ್ತಿ ಅದ್ದಿ ಬಾಯಿ, ಮೂಗು ಒರೆಸಿದಳು, ಕೈಗಳನ್ನು ತೊಳೆದಳು. ‘ನೀವು ತಲೆ ಕಡೆ ಬನ್ನಿ ತಾಯಿ, ತಂಗಿಯಲ್ವಾ, ತಲೆಗೆ ನೀವೇ ಹೊಯ್ಯಿರಿ’ ಎಂದು ಹಿತ್ತಾಳೆಯ ಚೊಂಬನ್ನು ಅವಳ ಕೈಗಿತ್ತಳು. ಮಾಗ್ದಾ ಎದುರು ನಿಂತಿದ್ದಳು, ಕಣ್ಣು ಇವಳ ಮೇಲೇ. ರಬಾಬ್ ಬಕೆಟ್ಟಿನ ಹತ್ತಿರ. ಯಾರೂ ನಗುತ್ತಿರಲಿಲ್ಲ. ನಗುವ ಗಾಳಿಯೂ ಅಲ್ಲಿರಲಿಲ್ಲ. ನೋಡಿದೆಯಾ ಅಕ್ಕ, ಎಂದುಕೊಂಡಳು ವಿದಾದ್, ನೋಡಿದೆಯಾ, ಯಾರೂ ನಗುವುದಿಲ್ಲ, ಸುಮ್ಮನೆ ಹೆದರಿದೆ. ಎದೆಯಲ್ಲಿ ಒಂದು ದೊಡ್ಡ ಹಗುರ ತುಂಬಿಕೊಂಡಿತು. ಎಡಗೈಯನ್ನು ಇನ್ಸಾಫಳ ಹಣೆಗೆ ಅಡ್ಡ ಹಿಡಿದು, ನೀರು ಕಣ್ಣಿಗೆ ಹೋಗದ ಹಾಗೆ, ಮೊದಲ ಚೊಂಬು ಹೊಯ್ದಳು. ಬೂದಿ ಬಣ್ಣದ ಕೂದಲು ಹಲಗೆಗೆ ಅಂಟಿತು. ಎರಡನೆಯದು ಹೊಯ್ದಳು. ಆಗ ಮುಖ ನೋಡಿದಳು.

ಬಾಯಿ ತೆರೆದುಕೊಳ್ಳದಿರಲೆಂದು ಗಲ್ಲದಿಂದ ನೆತ್ತಿಗೆ ಬಿಳಿ ಪಟ್ಟಿ ಬಿಗಿದಿದ್ದರು. ಪಟ್ಟಿಯ ಬಿಗಿಗೆ ಕೆನ್ನೆ ಉಬ್ಬಿ, ತುಟಿ ಒಳಗೆಳೆದುಕೊಂಡು, ರೆಪ್ಪೆಯಂಚಿಗೆ ನೀರು ನಿಂತಿತ್ತು. ಈ ಮುಖವನ್ನು ವಿದಾದ್ ನೋಡಿದ್ದಾಳೆ. ಸ್ಟುಡಿಯೋದಲ್ಲಿ, ಲೈಟಿನ ಹಿಂದಿನ ಕತ್ತಲಲ್ಲಿ, ಮರದ ಪೆಟ್ಟಿಗೆಯ ಮೇಲೆ ಕೂತಿದ್ದ ಇನ್ಸಾಫ್. ಫಾಯಿಕ್ ಸಾಹೇಬರು, ‘ಇನ್ನೊಂದು ಸಲ ಸದ್ದು ಬಂದ್ರೆ ಆ ಹೆಂಗಸನ್ನ ಆಚೆ ಹಾಕ್ತೀನಿ’ ಎಂದು ಗದರಿದ ಮೇಲೆ, ತಲೆಯ ವಸ್ತ್ರದ ತುದಿಯನ್ನೆಲ್ಲ ಬಾಯಿಗೆ ತುರುಕಿಕೊಂಡು, ಕೆನ್ನೆ ಉಬ್ಬಿಸಿಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು ಕೂತಿದ್ದಳು. ಹೆಣವಾಗಿ ಹಲಗೆಯ ಮೇಲೆ ಮಲಗಿದ್ದವಳಿಗೆ ರೆಪ್ಪೆಯ ಸಂದಿನಿಂದ ಅದೊಂದೇ ಕಾಣುತ್ತಿತ್ತು. ಅಕ್ಕ ಹೆದರುತ್ತಿಲ್ಲ. ಅಕ್ಕ ನಗುತ್ತಿದ್ದಾಳೆ. ನಗು ತಡೆಯಲಾರದೆ ಸಾಯುತ್ತಿದ್ದಾಳೆ. ಆ ಸಲ ಮೂರನೆಯ ಚೊಂಬು ನೀರಿಗೆ ವಿದಾದ್ ಎದ್ದು ಕೂತದ್ದು ಫಾಯಿಕ್ ಸಾಹೇಬರಿಗಾಗಿ ಅಲ್ಲ, ಅವಳಿಗಾಗಿ. ಮೊಲೊಖಿಯಾ ಅಂತ ಅರಚಿದ್ದೂ ಅವಳಿಗಾಗಿ, ಇನ್ನೂ ಸ್ವಲ್ಪ ನಗಲಿ, ಆ ಹಳೇ ಹೆದರಿಕೆ ಪೂರ್ತಿ ಸತ್ತುಹೋಗಲಿ ಎಂದು. ಈಗ ಅದೇ ಉಬ್ಬಿದ ಕೆನ್ನೆ, ಅದೇ ಒತ್ತಿ ಹಿಡಿದ ತುಟಿ. ಬೇಡ, ಎಂದುಕೊಂಡಳು ವಿದಾದ್. ಬೇಡ, ಬೇಡ, ದೇವರೇ. ಹೊಟ್ಟೆಯ ಬುಡದಲ್ಲಿ ಅದು ಏಳುತ್ತಿರುವುದು ಗೊತ್ತಾಯಿತು, ಅಳುವೇ ಇರಬೇಕೆಂದು ಅದನ್ನು ಬಿಟ್ಟಳು.

ಅಳುವಾಗಿರಲಿಲ್ಲ. ಮುಚ್ಚಿದ ಕೋಣೆಯಲ್ಲಿ ಅದು ಎಷ್ಟು ದೊಡ್ಡದಾಗಿ ಕೇಳಿಸಿತು! ಗೊಗ್ಗರು, ತುಂಬು ನಗು, ಊರಿಗೆಲ್ಲ ಗುರುತಿರುವ ನಗು. ತಡೆಯಲು ಹೋದಷ್ಟೂ ಹೆಚ್ಚಾಯಿತು. ಚೊಂಬಿನ ನೀರು ಇನ್ಸಾಫಳ ಎದೆಯ ಮೇಲೆಲ್ಲ ತುಳುಕಿತು. ಹಜಾರದಲ್ಲಿ ಕುರಾನ್ ರೆಕಾರ್ಡನ್ನು ಬಿಟ್ಟು ಉಳಿದೆಲ್ಲ ಸದ್ದು ನಿಂತಿತು. ರಬಾಬ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು, ಅವಳ ಭುಜ ಕುಣಿಯುತ್ತಿದ್ದದ್ದು ಯಾಕೆಂದು ಹೇಳಲಾಗುತ್ತಿರಲಿಲ್ಲ. ‘ಕೆಲವರಿಗೆ ದುಃಖ ಹೀಗೂ ಬರುತ್ತಮ್ಮ, ಬಿಸ್ಮಿಲ್ಲಾ ಅನ್ನಿ, ಬಿಸ್ಮಿಲ್ಲಾ ಅನ್ನಿ’ ಎನ್ನುತ್ತಿದ್ದಳು ಹಾಜಾ. ವಿದಾದ್ ಏನೋ ಹೇಳಬೇಕೆಂದು, ಅವಳು ಅವತ್ತು ನಕ್ಕಿದ್ದಳು ಕಣೇ, ಎಲ್ಲರಿಗಿಂತ ಹೆಚ್ಚು ನಕ್ಕಿದ್ದವಳು ಅವಳೇ, ಎಂದು ಹೇಳಬೇಕೆಂದು ಬಾಯಿ ತೆರೆದರೆ ಮತ್ತೆ ನಗುವೇ ಬಂತು.

ಮಾಗ್ದಾ ಹಲಗೆಯನ್ನು ಸುತ್ತಿ ಬಂದಳು. ಕೂಗಲಿಲ್ಲ. ಚೊಂಬನ್ನು ಬೆರಳು ಬೆರಳಾಗಿ ಇವಳ ಕೈಯಿಂದ ಬಿಡಿಸಿಕೊಂಡಳು. ‘ಅಮ್ಮ ಸುಮ್ಮನೆ ಹೆದರಿರಲಿಲ್ಲ, ಖಾಲ್ತಿ’ ಅಂದಳು. ‘ಹೋಗಿ.’

ಬಾಗಿಲು ಹಿಂದಿನಿಂದ ಮುಚ್ಚಿತು. ಹಜಾರದ ಹೆಂಗಸರು ಒಬ್ಬರೂ ತಲೆಯೆತ್ತಲಿಲ್ಲ. ಎಲ್ಲರೂ ತಮ್ಮ ತಮ್ಮ ಮಡಿಲನ್ನೇ ನೋಡುತ್ತಿದ್ದರು. ವಿದಾದ್ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು, ಜಾಲರಿ ತೋಳಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನಗು ಬಂದಷ್ಟೇ ಬೇಗ ಹೋಗಿತ್ತು, ಈಗ ಬೇಕೆಂದರೂ ಬರುತ್ತಿರಲಿಲ್ಲ. ಒಳಗೆ ಮಾಗ್ದಾ ಮೂರನೆಯ ಚೊಂಬು ಹೊಯ್ದ ಸದ್ದು ಕೇಳಿಸಿತು. ವಿದಾದ್ ಉಸಿರು ಹಿಡಿದು ಕಾದಳು. ಒಳಗೆ ಯಾರೂ ಏಳಲಿಲ್ಲ.